ನರ್ಸು ಕೇಳಿದ ಪ್ರಶ್ನೆ

ಮಾರ್ಚಿ ತಿಂಗಳ ಮೊದಲ ಮಂಗಳವಾರ ಈಸ್ಟ್ ಟಾರ್ಬೆಲ್ಲಿನ ಊರಸಭೆ, ಊರವರೆಲ್ಲ ಕೂತು ವರ್ಷದ ವಿಷಯಗಳಿಗೆ ಕೈ ಎತ್ತಿ ಮತ ಹಾಕುವ ದಿನ. ಮೇಪಲ್ ಮರಗಳಲ್ಲಿ ರಸ ಇಳಿಯುವುದೂ ಆಗಲೇ. ಯಾವ ಪುಣ್ಯಾತ್ಮ ಇವೆರಡನ್ನೂ ಒಂದೇ ವಾರಕ್ಕೆ ತಂದು ಕಟ್ಟಿದನೋ, ಅವನ ಕೈಗೆ ಒಂದು ಸಲವಾದರೂ ಸೌಟು ಕೊಟ್ಟು ನಿಲ್ಲಿಸಬೇಕಿತ್ತು. ರಸ ಯಾರಿಗೂ ಕಾಯುವುದಿಲ್ಲ. ಬಂದದ್ದನ್ನು ಬಂದ ದಿನವೇ ಕಾಯಿಸಿ ಸಿಹಿ ಪಾಕ ಮಾಡಬೇಕು, ಇಲ್ಲದಿದ್ದರೆ ಹಾಳು. ಹಾಗಾಗಿ ವಿಲ್ಡಾ ಕಾರ್ಲಿಸ್ ಮೂರು ದಿನದಿಂದ ನೆಟ್ಟಗೆ ಮಲಗಿರಲಿಲ್ಲ. ಪಾಕದ ಶೆಡ್ಡಿನ ಹಬೆಯೊಳಗೆ ಕುರ್ಚಿ ಹಾಕಿಕೊಂಡು, ಬೆಂಕಿಗೆ ಕಟ್ಟಿಗೆ ತುಂಬುತ್ತ, ತೂಕಡಿಸುತ್ತ, ಮತ್ತೆ ತುಂಬುತ್ತ ಕಳೆದಿದ್ದಳು. ಮಂಗಳವಾರ ಬೆಳಿಗ್ಗೆ ಮುಖ ತೊಳೆದು, ಒಳ್ಳೆಯ ಕೋಟು ಹಾಕಿಕೊಂಡು ಹೊರಟಾಗಲೂ ಕೂದಲು ಸಿಹಿ ವಾಸನೆ ಹೊಡೆಯುತ್ತಿತ್ತು. ರಸ್ತೆಯ ಕೆಸರು, ಬೇಲಿಗಂಬ, ಚರ್ಚಿನ ಗೋಪುರ ಎಲ್ಲ ಅವಳಿಗೆ ಹಬೆಯ ಆಚೆ ಇದ್ದಂತೆ ಕಂಡವು. ಅರ್ಧ ಹಬೆ ಹೊರಗಿನದೇ. ಹಿಮ ಕರಗಿ ನೆಲದಿಂದ ಮಂಜು ಏಳುತ್ತಿತ್ತು. ಉಳಿದರ್ಧ ಎಲ್ಲಿಯದು ಅಂತ ಅವಳಿಗೂ ಗೊತ್ತಿರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಆ ಸಭೆಗೆ ಅವಳೇ ಅಧ್ಯಕ್ಷೆ. ಪ್ರತಿ ವರ್ಷ ಊರವರು ಕೈ ಎತ್ತಿ ಅವಳನ್ನೇ ಆರಿಸುತ್ತಿದ್ದರು. ಕಾರಣ ಇಷ್ಟೇ: ಅವಳು ಯಾರ ಕಡೆ ಅಂತ ಇವತ್ತಿಗೂ ಯಾರಿಗೂ ಪತ್ತೆ ಆಗಿಲ್ಲ. ಶಾಲೆಗೆ ಹೊಸ ಚಾವಣಿ ಬೇಕೋ ಬೇಡವೋ, ಹಿಮ ಬಿದ್ದ ರಸ್ತೆಗೆ ಉಪ್ಪು ಸುರಿಯಬೇಕೋ ಮರಳೋ, ಕೇಳಿ ನೋಡಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕೂತಿರುತ್ತಾಳೆ ಅಂತ ಊರಿನ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಅವಳಿಗೆ ಅದೇ ಹೆಮ್ಮೆ. ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತವರು ತಮ್ಮ ಅಭಿಪ್ರಾಯ ಹೇಳುವ ಹಾಗಿಲ್ಲ. ಹೇಳಲೇಬೇಕು ಅಂದರೆ ಮರದ ಸುತ್ತಿಗೆಯನ್ನು ಇನ್ನೊಬ್ಬರಿಗೆ ಕೊಟ್ಟು, ಕೆಳಗಿಳಿದು ಜನರ ನಡುವೆ ನಿಲ್ಲಬೇಕು. ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ಸಲವೂ ಇಳಿದಿರಲಿಲ್ಲ.

ಇನ್ನೊಂದು ಕಟ್ಟುನಿಟ್ಟೂ ಇತ್ತು. ಮಾತಾಡುವವರು ಅಧ್ಯಕ್ಷರಿಗೇ ಹೇಳಬೇಕು, ಒಬ್ಬರಿಗೊಬ್ಬರು ಹೇಳುವ ಹಾಗಿಲ್ಲ. ಪಕ್ಕದಲ್ಲಿ ಕೂತವನನ್ನು ಕತ್ತೆ ಅನ್ನಬೇಕಾದರೂ ಅಧ್ಯಕ್ಷರ ಮೂಲಕವೇ ಅನ್ನಬೇಕು. ನಗಬೇಡಿ. ಈ ಒಂದು ನಿಯಮದಿಂದ ಆ ಊರು ಇನ್ನೂರು ವರ್ಷ ಹೊಡೆದಾಟ ಇಲ್ಲದೆ ಬದುಕಿದೆ. ಸಿಟ್ಟು ನೇರ ಹೋಗದೆ ಮೇಲೆ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಆರಿರುತ್ತದೆ.

ಆ ವರ್ಷ ಎಲ್ಲರೂ ಕಾಯುತ್ತಿದ್ದದ್ದು ಹದಿನೇಳನೇ ವಿಷಯಕ್ಕೆ. ಊರಿನ ಹಳೇ ಅಂಚೆ ಕಚೇರಿಯಲ್ಲಿ ಒಂದು ಸಣ್ಣ ಆಸ್ಪತ್ರೆ ಇದೆ. ಊರು ವರ್ಷಕ್ಕಿಷ್ಟು ಅಂತ ಅದಕ್ಕೆ ನೆರವು ಕೊಡುತ್ತದೆ. ಅಲ್ಲಿನ ನರ್ಸು ನೋಯೆಲ್ ತಿಬೋ, ಮೂರು ವರ್ಷದ ಹಿಂದೆ ಬಂದವಳು, ಬಂದವರಿಗೆಲ್ಲ ಕೆಲವು ಪ್ರಶ್ನೆ ಕೇಳುತ್ತಾಳೆ. ಸಿಗರೇಟು ಸೇದ್ತೀರಾ, ನಿದ್ದೆ ಬರುತ್ತಾ, ಮೆಟ್ಟಿಲಲ್ಲಿ ಬಿದ್ದಿದ್ರಾ. ಕೊನೆಗೆ, ಮನೇಲಿ ಬಂದೂಕು ಇದೆಯಾ. ಈ ಕೊನೆಯದನ್ನು ಕೇಳುವುದು ನಿಲ್ಲಿಸಿದರೆ ಮಾತ್ರ ನೆರವು, ಇಲ್ಲದಿದ್ದರೆ ಇಲ್ಲ ಅನ್ನುವುದೇ ಹದಿನೇಳನೇ ವಿಷಯ.

ಅರ್ಜಿ ಬರೆದು ಮನೆಮನೆಗೆ ತಿರುಗಿ ಸಹಿ ಹಾಕಿಸಿದವನು ಡೆಲ್ಬರ್ಟ್ ಕಾರ್ಲಿಸ್, ವಿಲ್ಡಾಳ ಮೈದುನ. ಮದುವೆಯಾಗದವನು, ಅರವತ್ತು ದಾಟಿದವನು, ನಾಲ್ಕು ಮಾತು ಕೇಳಿದರೆ ಒಂದಕ್ಕೆ ಹೂಂ ಅನ್ನುವವನು. ಜನವರಿಯಲ್ಲಿ ರಕ್ತದೊತ್ತಡ ತೋರಿಸಲು ಹೋದವನು ಆ ಪ್ರಶ್ನೆ ಕೇಳಿದ್ದೇ ತಡ, ಅಂಗಿಯ ಗುಂಡಿ ಹಾಕಿಕೊಳ್ಳದೆ, ಮಾತ್ರೆಯ ಚೀಟಿಯನ್ನೂ ಬಿಟ್ಟು ಹಿಮದೊಳಗೆ ನಡೆದುಬಿಟ್ಟನಂತೆ. ಎಷ್ಟು ಜನ ಹೆಂಡಂದಿರು ಅಂತ ಕೇಳಿದ್ದರೂ ಇಷ್ಟು ಉರೀತಿರಲಿಲ್ಲ ಅಂತ ಅಂಗಡಿಯಲ್ಲಿ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಮಾತು ಆಗ ಯಾರಿಗೂ ಹೊಳೆಯಲಿಲ್ಲ. ವಿಲ್ಡಾಳಿಗೂ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಇದ್ದದ್ದೇ ಬೇರೆ.

ಅವಳ ಗಂಡ ಓರಿನ್ ಸತ್ತು ಆರು ವರ್ಷ. ನವೆಂಬರಿನಲ್ಲಿ ಜಿಂಕೆ ಬೇಟೆಯ ಕಾಲ ಶುರುವಾಗುವ ದಿನ, ಕಾಡಿನೊಳಗಿನ ಬೇಟೆಯ ಗುಡಿಸಲಲ್ಲಿ. ಬಂದೂಕು ಒರೆಸುವಾಗ ಸಿಡಿಯಿತು ಅಂತ ಊರಿಗೆಲ್ಲ ಗೊತ್ತು. ಮೊದಲು ಹೋಗಿ ಹೆಣ ಕಂಡವನು ಡೆಲ್ಬರ್ಟ್. ಓರಿನ್‌ನ ಪಕ್ಕದಲ್ಲೇ ಒರೆಸುವ ಕಡ್ಡಿ, ಎಣ್ಣೆ ಶೀಶೆ, ಚಿಂದಿಬಟ್ಟೆ ಇದ್ದವಂತೆ. ಊರು ಅತ್ತಿತು, ಅಡುಗೆ ಮಾಡಿ ತಂದುಕೊಟ್ಟಿತು, ಎಷ್ಟು ಜಾಗರೂಕ ಮನುಷ್ಯ, ಎಂಥ ಗ್ರಹಚಾರ ಅಂದಿತು. ಅವತ್ತು ಸಂಜೆ ವಿಲ್ಡಾ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಸೋಪಿಗೆ ಕೈ ಹಾಕಿದಾಗ ಓರಿನ್‌ನ ಒರೆಸುವ ಪೆಟ್ಟಿಗೆ ಸಿಕ್ಕಿತು. ಕಡ್ಡಿ, ಎಣ್ಣೆ, ಬಟ್ಟೆ ಎಲ್ಲ ಅದರೊಳಗೇ ಇದ್ದವು. ಹಾಗಾದರೆ ಗುಡಿಸಲಲ್ಲಿ ಇದ್ದದ್ದು ಡೆಲ್ಬರ್ಟ್‌ನದು. ಆಕಸ್ಮಿಕ ಅನ್ನಿಸಲಿ ಅಂತ ಅವನೇ ತಂದು ಅಣ್ಣನ ಪಕ್ಕ ಜೋಡಿಸಿಟ್ಟದ್ದು.

ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು ಅವಳು ತೊಟ್ಟಿಯ ಕೆಳಗಿನ ಗೂಡಿನ ಬಾಗಿಲು ಮುಚ್ಚಿದಳು. ತನಗಾಗಿ ಇಷ್ಟು ಮಾಡಿದನಲ್ಲ ಅಂತ ಮೈದುನನ ಮೇಲೆ ಎಂಥ ಕರುಳು ಸೆಳೆಯಿತೆಂದರೆ, ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಾದಳು. ಅವತ್ತಿನಿಂದ ಪ್ರತಿ ಭಾನುವಾರ ಡೆಲ್ಬರ್ಟ್ ಊಟಕ್ಕೆ ಬರುತ್ತಾನೆ. ಬೇಯಿಸಿದ ಹುರುಳಿಕಾಯಿ ಬೀಜ, ಕಂದು ರೊಟ್ಟಿ ತಿನ್ನುತ್ತಾರೆ, ಹವಾಮಾನ ಮಾತಾಡುತ್ತಾರೆ. ಆರು ವರ್ಷ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಬಂದರು. ಕಾಪಾಡಿ ಕಾಪಾಡಿ ಇಬ್ಬರೂ ಸೊರಗಿದರು.

ಸಭೆ ಒಂಬತ್ತಕ್ಕೆ ಶುರುವಾಯಿತು. ಬೆಂಚು ತುಂಬಿ, ಮಡಚುವ ಕುರ್ಚಿ ತುಂಬಿ, ಬಾಗಿಲ ಹತ್ತಿರ ಜನ ನಿಂತಿದ್ದರು. ಒದ್ದೆ ಉಣ್ಣೆಯ ವಾಸನೆ, ಕಾಫಿಯ ಹಬೆ, ಹಿಂದಿನ ಅಡುಗೆಕೋಣೆಯಿಂದ ಮಧ್ಯಾಹ್ನದ ಊಟ ಬೇಯುವ ಪರಿಮಳ. ಸೂರ್ಯ ಕಿಟಕಿಯ ಹಳೇ ಗಾಜಿನಿಂದ ಒಳಬಂದು ಎಲ್ಲರ ಮುಖವನ್ನೂ ನೀರಿನಡಿ ಇಟ್ಟ ಹಾಗೆ ಅಲುಗಿಸುತ್ತಿದ್ದ. ಒಂದರಿಂದ ಹದಿನಾರರವರೆಗೆ ವಿಷಯಗಳು ಹೇಗೆ ಹೋದವೋ ವಿಲ್ಡಾಳಿಗೆ ನೆನಪಿಲ್ಲ. ಸುತ್ತಿಗೆ ತಾನೇ ಬಡಿದುಕೊಳ್ಳುತ್ತಿತ್ತು, ಬಾಯಿ ತಾನೇ ಹೇಳುತ್ತಿತ್ತು.

ಹದಿನೇಳು ಬಂದಾಗ ಕೈಗಳು ಕಾಡಿನಂತೆ ಎದ್ದವು. ನಿವೃತ್ತ ಮೇಷ್ಟ್ರೊಬ್ಬರು, ಬಂದೂಕು ಇಟ್ಟುಕೊಳ್ಳುವ ಹಕ್ಕು ಸಂವಿಧಾನದಲ್ಲಿ ಇದೆ ಸರಿ, ಆದರೆ ಬಾಯಿ ಬಿಡುವ ಹಕ್ಕು ಅದಕ್ಕಿಂತ ಮುಂಚೆ ಇದೆ, ನರ್ಸಿಗೂ ಒಂದು ಬಾಯಿ ಇದೆ ಅಂದರು. ಹಸು ಸಾಕುವವನೊಬ್ಬ, ಬಾಯಿ ಅವಳದೇ, ಆದರೆ ಆ ಬಾಯಿಗೆ ಕೂಳು ಹಾಕೋದು ನಾವು, ನಮ್ಮ ದುಡ್ಡಲ್ಲಿ ನಮ್ಮ ಮನೆಯೊಳಗೇ ಮೂಗು ತೂರಿಸೋದು ಯಾವ ನ್ಯಾಯ ಅಂದ. ಕೇಳುವುದಕ್ಕೆ ಅಡ್ಡಿಯಿಲ್ಲ, ಬರೆದಿಟ್ಟುಕೊಂಡರೆ ಭಯ, ಇವತ್ತು ಪಟ್ಟಿ ನಾಳೆ ಜಪ್ತಿ ಅಂತ ಇನ್ನೊಬ್ಬಳು. ಇದು ಬೆಂಕಿ ಹಚ್ಚುವ ಮಾತನ್ನೂ ಆಡಲು ಬಿಡುವ ಊರು, ಒಂದು ಪ್ರಶ್ನೆಗೆ ಬೀಗ ಹಾಕ್ತೀರಾ, ಇಷ್ಟ ಇಲ್ಲದವನು ಉತ್ತರ ಹೇಳಬೇಡಿ ಅಂತ ಮತ್ತೊಬ್ಬ. ನೋಯೆಲ್ ತಿಬೋ ಎದ್ದು, ಕೆಂಪಗಾಗಿ, ತಾನು ಏನೂ ಬರೆದುಕೊಳ್ಳುವುದಿಲ್ಲ, ಬೀಗ ಹಾಕಿಡಿ ಅಂತಲೋ ಸ್ವಲ್ಪ ದಿನ ಗೆಳೆಯರ ಹತ್ತಿರ ಬಿಡಿ ಅಂತಲೋ ಹೇಳುವುದಕ್ಕಷ್ಟೇ ಕೇಳುವುದು ಅಂದಳು. ಯಾರದೂ ಪೂರ್ತಿ ತಪ್ಪಾಗಿರಲಿಲ್ಲ. ಅದೇ ಕಷ್ಟ.

ಮಾತುಗಳು ವಿಲ್ಡಾಳ ಕಡೆ ಬಂದು, ಅವಳನ್ನು ದಾಟಿ, ಹಿಂದಿನ ಗೋಡೆಗೆ ತಾಗಿ ಕರಗುತ್ತಿದ್ದವು. ಹಬೆ ಮತ್ತೆ ಎದ್ದಿತು. ಮೂರನೇ ಸಾಲಿನ ತುದಿಯಲ್ಲಿ, ಸಭಾಂಗಣ ಬೆಚ್ಚಗಿಡುವ ಬಿಸಿನೀರ ಕೊಳವೆಯ ಪಕ್ಕ, ಓರಿನ್ ಕೂತಿದ್ದ. ಯಾವಾಗಲೂ ಅಲ್ಲೇ ಕೂರುತ್ತಿದ್ದವನು. ಬೂಟು ಕಳಚಿ ಒದ್ದೆ ಕಾಲುಚೀಲದ ಪಾದಗಳನ್ನು ಕೊಳವೆಗೆ ಒತ್ತಿ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡಿದ್ದ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಇಷ್ಟು ಹೊತ್ತಾದ ಮೇಲೆ ಬಂದಿದ್ದಾನೆ, ರಸದ ಬಕೀಟು ಯಾರು ನೋಡುತ್ತಿದ್ದಾರೋ ಅಂತ ಮಾತ್ರ ಅನ್ನಿಸಿತು.

ಆಗ ಡೆಲ್ಬರ್ಟ್ ಎದ್ದ. ಕೈಯಲ್ಲಿ ಕಾಗದ ಇತ್ತು, ಅದನ್ನು ನೋಡಲಿಲ್ಲ.

"ಅಧ್ಯಕ್ಷರೇ, ಈ ಪ್ರಶ್ನೆ ನಮ್ಮನ್ನೆಲ್ಲ ಹುಚ್ಚರ ಥರ ನೋಡುತ್ತೆ. ನಮ್ಮಣ್ಣ ಈ ಊರಲ್ಲೇ ಎಲ್ಲರಿಗಿಂತ ಜಾಗರೂಕ ಮನುಷ್ಯ. ಅವನಿಗಾದದ್ದು ಆಕಸ್ಮಿಕ. ಯಾರು ಬಂದು ಏನು ಕೇಳಿದ್ರೂ ಅದು ತಪ್ತಿರಲಿಲ್ಲ. ಕೇಳೋದ್ರಿಂದ ಏನೂ ಆಗಲ್ಲ. ಇಷ್ಟೇ."

ಅವನು ಕೂತ. ಜನ ತಲೆ ತಗ್ಗಿಸಿದರು. ಈಗ ವಿಲ್ಡಾ "ಧನ್ಯವಾದ ಡೆಲ್ಬರ್ಟ್" ಅನ್ನಬೇಕು. ಹತ್ತೊಂಬತ್ತು ವರ್ಷ ಪ್ರತಿಯೊಬ್ಬರಿಗೂ ಅಂದಿದ್ದಾಳೆ. ಆದರೆ ಅವಳ ಕಣ್ಣು ಬೇರೆ ಕಡೆ ಇತ್ತು. ಮೂರನೇ ಸಾಲಿನಲ್ಲಿ ಓರಿನ್ ನಿಧಾನವಾಗಿ ಕೈ ಎತ್ತಿದ್ದ. ಕೈ ಎತ್ತಿದವರಿಗೆ ಮಾತು ಕೊಡದೆ ಇರುವ ಹಾಗಿಲ್ಲ.

"ಮೂರನೇ ಸಾಲು, ಕೊನೇ ಕುರ್ಚಿ," ಅಂದಳು. "ಹೇಳಿ."

ಇಡೀ ಸಭೆ ತಿರುಗಿ ನೋಡಿತು. ಆ ಕುರ್ಚಿಯ ಮೇಲೆ ಯಾರದೋ ಕೈಚೀಲ ಇತ್ತು, ಅಷ್ಟೇ. ಪಾಕದ ನಿದ್ದೆ ಅಂತ ಯಾರೋ ಮೆಲ್ಲಗೆ ನಕ್ಕರು. ಆ ವಾರ ಊರಲ್ಲಿ ಅರ್ಧ ಜನ ಹಾಗೇ ಇದ್ದರು. ವಿಲ್ಡಾ ನಗಲಿಲ್ಲ. ಆ ಕುರ್ಚಿ ಎಷ್ಟು ಹೊತ್ತು ಕಾದರೂ ಮಾತಾಡುವುದಿಲ್ಲ ಅಂತ ಅವಳಿಗೆ ಆಗ ಗೊತ್ತಾಯಿತು. ಓರಿನ್‌ನ ಪರವಾಗಿ ಮಾತಾಡಿದವನು ಸುಳ್ಳು ಹೇಳಿದ್ದ, ಅದೂ ಅವಳ ಸಲುವಾಗಿ. ಈಗ ಅದೇ ಸುಳ್ಳನ್ನು ಹಿಡಿದು ಊರು ಮತ ಹಾಕಲು ಹೊರಟಿತ್ತು. ನಾಳೆ ಯಾವಳ ಗಂಡನೋ ಎದುರಿಗೆ ಬಂದು ಕೂತಾಗ ಆ ನರ್ಸು ಬಾಯಿ ಮುಚ್ಚಿಕೊಂಡು ಕಳಿಸಬೇಕು. ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಅಂತ ವಿಲ್ಡಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವಳು ಸುತ್ತಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದಳು. ಮೊದಲ ಸಾಲಿನಲ್ಲಿದ್ದ ಹೈರಮ್ ಪೀಸ್ಲಿಯನ್ನು, ಹಿಂದೆ ಅಧ್ಯಕ್ಷನಾಗಿದ್ದ ಎಂಬತ್ತರ ಮುದುಕನನ್ನು ಕರೆದು, ಈ ವಿಷಯ ಮುಗಿಯುವವರೆಗೆ ಕುರ್ಚಿ ನಿಮ್ಮದು ಅಂದಳು. ಅವಳು ಮೂರು ಮೆಟ್ಟಿಲು ಇಳಿದಳು. ಎಲ್ಲರ ಹಾಗೆ ನಡುವೆ ನಿಂತು, ಎಲ್ಲರ ಹಾಗೆ ಕೈ ಎತ್ತಿದಳು. ಹೈರಮ್ ಕನ್ನಡಕ ಸರಿಮಾಡಿಕೊಂಡು, ಕ್ರಮ ತಪ್ಪಿಸದೆ, ಹೆಸರು ಮತ್ತು ರಸ್ತೆ ಹೇಳಿ ಅಂದ.

"ವಿಲ್ಡಾ ಕಾರ್ಲಿಸ್. ಮಿಲ್‌ಸ್ಟೋನ್ ರಸ್ತೆ." ಹೈರಮ್ ತಲೆಯಾಡಿಸಿದ. "ಅಧ್ಯಕ್ಷರೇ, ಅದು ಆಕಸ್ಮಿಕ ಅಲ್ಲ. ಓರಿನ್ ಬಂದೂಕು ಒರೆಸೋ ಪೆಟ್ಟಿಗೆ ಅವತ್ತು ನನ್ನ ಅಡುಗೆಮನೇಲಿತ್ತು. ನಂಗೆ ಅವತ್ತೇ ಗೊತ್ತಾಯ್ತು. ಆ ಬೇಸಿಗೆಯಿಂದಲೇ ಅವರು ನಿದ್ದೆ ಮಾಡ್ತಿರಲಿಲ್ಲ. ಪಕ್ಕದಲ್ಲಿ ಮಲಗಿ ನಾನು ಕೇಳಿಸ್ಕೊಂಡಿದೀನಿ. ಏನಾಗಿದೆ ಅಂತ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ನಿಜ ಆಗಿಬಿಡುತ್ತೋ ಅಂತ ಹೆದರಿದ್ದೆ. ನೀವೆಲ್ಲ ಹೇಗೆ ಮತ ಹಾಕ್ತೀರೋ ಹಾಕಿ. ಆದರೆ ನನ್ನ ಗಂಡನ ಹೆಸರು ಹೇಳಿ, ಕೇಳೋದ್ರಿಂದ ಏನೂ ಆಗಲ್ಲ ಅನ್ನಬೇಡಿ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ನಿಂತಲ್ಲೇ ನಿಂತಳು. ಹೇಳಿಬಿಟ್ಟಿದ್ದಳು. ಬಣ್ಣಗೆಡುವುದೇನಾದರೂ ಇದ್ದರೆ ಈಗ ಕೆಡಬೇಕಿತ್ತು. ಕಿಟಕಿಯ ಬಿಸಿಲು ಹಾಗೇ ಅಲುಗುತ್ತಿತ್ತು, ಅಡುಗೆಕೋಣೆಯಲ್ಲಿ ಯಾರೋ ಒಲೆ ಸಣ್ಣ ಮಾಡಿದರು. ಅವಳಿಗೆ ಎದೆ ಹಗುರ ಆಗಲಿಲ್ಲ, ಬರಿದಾಯಿತು. ಡೆಲ್ಬರ್ಟ್‌ನ ಮುಖ ನೋಡುವ ಧೈರ್ಯ ಬರಲಿಲ್ಲ. ಆರು ವರ್ಷ ಅವನು ಹೊತ್ತದ್ದನ್ನು ಇನ್ನೂರು ಜನರ ಮುಂದೆ ಕಿತ್ತು ಬಿಸಾಡಿದ ಹಾಗಿತ್ತು.

ಹಿಂದೆ ಕುರ್ಚಿ ಕಿರುಗುಟ್ಟಿತು. ಡೆಲ್ಬರ್ಟ್ ಕೈ ಎತ್ತದೆ ಎದ್ದಿದ್ದ. "ಅಧ್ಯಕ್ಷರೇ," ಅಂದ, ವಿಲ್ಡಾಳ ಕಡೆ ತಿರುಗಿ. ಹತ್ತೊಂಬತ್ತು ವರ್ಷದ ಅಭ್ಯಾಸ. ಅಧ್ಯಕ್ಷ ಇಲ್ಲಿದ್ದೇನೆ ಅಂತ ಹೈರಮ್ ಮೆತ್ತಗೆ ನೆನಪಿಸಿದ. ಡೆಲ್ಬರ್ಟ್‌ಗೆ ಅದು ಕೇಳಿಸಲೇ ಇಲ್ಲ.

"ಬಂದೂಕು ನನ್ನ ಹತ್ರ ಇತ್ತು," ಅಂದ. "ಅಕ್ಟೋಬರಲ್ಲಿ ಓರಿನ್ನೇ ತಂದು ಕೊಟ್ಟ. ಸ್ವಲ್ಪ ದಿನ ನಿನ್ನ ಹತ್ರ ಇರಲಿ ಡೆಲ್ ಅಂದ. ನಾನು ಯಾಕೆ ಅಂತ ಕೇಳಲಿಲ್ಲ. ಇಸ್ಕೊಂಡು ಬೀರು ಒಳಗಿಟ್ಟೆ." ಕೈಯಲ್ಲಿದ್ದ ಕಾಗದವನ್ನು ಮಡಚಿದ. "ಬೇಟೆ ಶುರುವಾಗೋ ಹಿಂದಿನ ದಿನ ಯೋಚನೆ ಬಂತು. ಬೆಳಿಗ್ಗೆ ಎಲ್ಲರೂ ಬಂದೂಕು ಹಿಡ್ಕೊಂಡು ನಿಂತಾಗ ಇವನೊಬ್ಬ ಬರಿಗೈಲಿ ನಿಂತ್ರೆ ನಗ್ತಾರಲ್ಲ ಅಂತ. ಹುಟ್ಟಿದಾಗಿನಿಂದ ಒಂದು ವರ್ಷ ತಪ್ಪಿಸಿದವನಲ್ಲ. ಚೆನ್ನಾಗಿ ಎಣ್ಣೆ ಹಚ್ಚಿ ಒರೆಸಿ ತಗೊಂಡು ಹೋಗಿ ಕೊಟ್ಟೆ. ನಾಳೆ ಬೇಕಲ್ಲ ಅಂದೆ. ಅವನು ಥ್ಯಾಂಕ್ಸ್ ಅಂದ."

ಆ ಊರಲ್ಲಿ ಅವನ ಜಾಗದಲ್ಲಿ ಇದ್ದಿದ್ದರೆ ಹಾಗೆ ಮಾಡದೆ ಇರುತ್ತಿದ್ದ ಗಂಡಸು ಒಬ್ಬನೂ ಇರಲಿಲ್ಲ. ಎಲ್ಲರಿಗೂ ಅದು ಗೊತ್ತಿತ್ತು.

"ಆ ಹುಡುಗಿ ನನ್ನ ಹತ್ರ ಬಂದೂಕು ಇದೆಯಾ ಅಂದಳು, ಇದೆ ಅಂದೆ. ಅದಕ್ಕೆ ನಂಗೇನೂ ಆಗಲಿಲ್ಲ. ಆಮೇಲೆ ಯಾರಾದ್ರೂ ತಮ್ಮದನ್ನ ನಿಮ್ಮ ಹತ್ರ ಬಿಟ್ಟಿದ್ರಾ ಅಂದಳು." ಅವನು ಕೂರಲಿಲ್ಲ.

ವಿಲ್ಡಾ ಅವನನ್ನು ನೋಡಿದಳು. ಒರೆಸುವಾಗ ಸಿಡಿಯಿತು ಅನ್ನುವ ಸುಳ್ಳನ್ನು ಅವನು ತನಗಾಗಿ ಕಟ್ಟಿದ ಅಂತ ಆರು ವರ್ಷ ನಂಬಿದ್ದಳು. ಅದು ಅರ್ಧವಷ್ಟೇ ತನಗಾಗಿ, ಉಳಿದರ್ಧ ಅವನಿಗಾಗಿಯೇ. ಸಿಟ್ಟು ಬರಬೇಕಿತ್ತು, ಬಂತು ಕೂಡ, ಒಂದು ಕ್ಷಣ ಕಣ್ಣು ಕತ್ತಲೆ ಬರುವಷ್ಟು. ಆ ಕತ್ತಲೆ ಇಳಿದಾಗ ಎದುರಿಗೆ ಕಂಡದ್ದು ಗುಳಿಬಿದ್ದ ಕೆನ್ನೆ, ಸಡಿಲವಾದ ಅಂಗಿಯ ಕೊರಳು, ಎಷ್ಟೋ ದಿನದಿಂದ ನಿದ್ದೆ ಕಾಣದ ಕಣ್ಣು. ಆ ಕಣ್ಣುಗಳನ್ನು ಅವಳು ಹಿಂದೊಮ್ಮೆ, ಒಂದು ಬೇಸಿಗೆಯಿಡೀ, ತನ್ನ ಊಟದ ಮೇಜಿನ ಆಚೆ ನೋಡಿದ್ದಳು. ಹಬೆಯೆಲ್ಲ ಒಮ್ಮೆಗೇ ಹರಿದು ಹೋಯಿತು.

ಅವನಿಗೆ ನೇರವಾಗಿ ಮಾತಾಡುವ ಹಾಗಿಲ್ಲ. ಆ ನಿಯಮಕ್ಕೆ ಹತ್ತೊಂಬತ್ತು ವರ್ಷ ಸುತ್ತಿಗೆ ಬಡಿದವಳು ಅವಳೇ. ಅವಳು ಎರಡು ಸಾಲು ದಾಟಿ ಅವನ ಮುಂದೆ ಹೋಗಿ ನಿಂತಳು.

"ಡೆಲ್, ಈಗ ನಿನ್ನ ಮನೇಲಿ ಬಂದೂಕು ಇದೆಯಾ?"

ಹೈರಮ್ ಸುತ್ತಿಗೆ ಎತ್ತಿದ. ಎತ್ತಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡ.

"ಮೂರಿವೆ," ಅಂದ ಡೆಲ್ಬರ್ಟ್. ಬಹಳ ಸಣ್ಣ ದನಿ. "ಕ್ರಿಸ್‌ಮಸ್ಸಿಂದ ಆ ಬೀರು ಇರೋ ಕೋಣೆಗೆ ನಾನು ಹೋಗ್ತಾ ಇಲ್ಲ, ವಿಲ್ಡಾ. ಭಯ ಆಗುತ್ತೆ."

"ಕೋಟು ಹಾಕ್ಕೋ."

ಅವರಿಬ್ಬರೂ ನಡುವಿನ ದಾರಿಯಲ್ಲಿ ನಡೆದು ಬರುವಾಗ ಬಾಗಿಲ ಬಳಿ ನಿಂತಿದ್ದವರು ಸರಿದು ಜಾಗ ಬಿಟ್ಟರು. ಹಸು ಸಾಕುವವನು ಟೋಪಿ ತೆಗೆದ. ನೋಯೆಲ್ ಅರ್ಧ ಎದ್ದವಳು ವಿಲ್ಡಾಳ ಮುಖ ನೋಡಿ ಮತ್ತೆ ಕೂತಳು. ಅವರು ಹೋದ ಮೇಲೆ ಆ ವಿಷಯವನ್ನು ಕೈಬಿಡೋಣ ಅಂತ ಯಾರೋ ಸೂಚಿಸಿದರಂತೆ, ಕೈಬಿಟ್ಟರಂತೆ. ಯಾರು ಗೆದ್ದರು ಅಂತ ಅಂಗಡಿಯಲ್ಲಿ ಇವತ್ತಿಗೂ ವಾದ ಮಾಡುತ್ತಾರೆ, ಮಾಡಲಿ, ಅವರ ಬಾಯಿ.

ಡೆಲ್ಬರ್ಟ್‌ನ ಮನೆಯಲ್ಲಿ ಬೀರುವಿನ ಕೀಲಿ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋಣೆಗೆ ಅವನು ಬರಲಿಲ್ಲ. ವಿಲ್ಡಾಳೇ ಮೂರೂ ಬಂದೂಕನ್ನು ಒಂದೊಂದಾಗಿ ತೆರೆದು ನೋಡಿ, ಗುಂಡು ತೆಗೆದು, ಹಳೇ ಕಂಬಳಿಯಲ್ಲಿ ಸುತ್ತಿ ತನ್ನ ಟ್ರಕ್ಕಿನ ಸೀಟಿನ ಹಿಂದೆ ಇಟ್ಟಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದ ಮೇಪಲ್ ಮರಗಳಿಗೆ ರಸ ಹಿಡಿಯಲು ಕಟ್ಟಿದ ಬಕೀಟುಗಳಷ್ಟೇ ಗಾಳಿಯಲ್ಲಿ ತೂಗುವಂತೆ ಕಾಣುತ್ತಿದ್ದವು. ರಸ ಒಂದೊಂದೇ ಹನಿ ಬೀಳುವ ಸದ್ದು ಸುತ್ತ ಎಲ್ಲ ಕಡೆಯಿಂದ ಬರುತ್ತಿತ್ತು. ನನ್ನ ಶೆಡ್ಡಿಗೆ ಬಾ, ಒಬ್ಬಳಿಗೇ ಬೆಂಕಿ ನೋಡಿಕೊಳ್ಳಲು ಆಗುತ್ತಿಲ್ಲ ಅಂತ ವಿಲ್ಡಾ ಹೇಳಿದಳು. ಅವನು ಬಂದು ಪಕ್ಕದಲ್ಲಿ ಕೂತ.

ಕೆಸರಿನಲ್ಲಿ ಚಕ್ರ ಜಾರುತ್ತ, ಹಿಡಿಯುತ್ತ ಹೋಗುತ್ತಿತ್ತು. ಡೆಲ್ಬರ್ಟ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ನವೆಂಬರಲ್ಲಿ ನಾನು ಬಂದು, ಕೊಡು ಅಂದ್ರೆ ಏನು ಮಾಡ್ತೀಯಾ?"

"ಯಾಕೆ ಅಂತ ಕೇಳ್ತೀನಿ," ಅಂದಳು ವಿಲ್ಡಾ.

ಅವನು ಹೂಂ ಅಂದ, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದ. ಅವಳು ಟ್ರಕ್ಕನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು.